ತ್ರಿತ್ವ ಮತ್ತು ಕ್ರಿಸ್ಮಸ್: ಗೋದಲಿಯ ಮಗು ಯಾರು?

ದೇವರು ಒಬ್ಬನೇ, ಆ ಒಬ್ಬ ದೇವರು ತಂದೆ, ಮಗ, ಪವಿತ್ರಾತ್ಮ ಎಂಬ ಮೂವರು, ಮೂವರಲ್ಲಿ ಪ್ರತಿಯೊಬ್ಬರೂ ಪೂರ್ಣವಾಗಿ ದೇವರೇ, ಆದರೂ ದೇವರುಗಳು ಮೂರಿಲ್ಲ. ಕ್ರೈಸ್ತರ ತ್ರಿತ್ವ ಸಿದ್ಧಾಂತವನ್ನು ಇದಕ್ಕಿಂತ ಚಿಕ್ಕದಾಗಿ ಹೇಳುವುದು ಕಷ್ಟ. ಹೀಗೆ ಹೇಳಿದ ಕೂಡಲೇ ಅದು ಬಿಡಿಸಲಾಗದ ಲೆಕ್ಕದಂತೆ ಕಾಣುವುದೂ ನಿಜ. ಸಮರ್ಥಿಸಿದವರೂ ಅಲ್ಲಗಳೆದವರೂ ಎಷ್ಟೋ ಸಲ ಒಂದು ಮತ್ತು ಮೂರರ ಈ ಲೆಕ್ಕದಲ್ಲೇ ಸಿಕ್ಕಿಬಿದ್ದಿದ್ದಾರೆ. ಇತಿಹಾಸವನ್ನು ನೋಡಿದರೆ ಮಾತು ಬೇರೆಯೇ ಇದೆ. ಬೆತ್ಲೆಹೇಮಿನಲ್ಲಿ ಹುಟ್ಟಿ ಗೋದಲಿಯಲ್ಲಿ ಮಲಗಿದ ಮಗು ಯಾರು ಎಂಬ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದವರು ಕೊನೆಗೆ ಬಂದು ನಿಂತದ್ದು ತ್ರಿತ್ವದ ಮುಂದೆ. ಆದ್ದರಿಂದ ಈ ಸಿದ್ಧಾಂತವನ್ನೂ ಕ್ರಿಸ್ಮಸ್ ಹಬ್ಬವನ್ನೂ ಬಿಡಿಬಿಡಿಯಾಗಿ ಅರ್ಥ ಮಾಡಿಕೊಳ್ಳಲು ಹೊರಟರೆ ಎರಡೂ ಕೈಗೆ ಸಿಗುವುದಿಲ್ಲ.

ಮೊದಲ ಕ್ರೈಸ್ತರು ಯೆಹೂದ್ಯರು. ದೇವರು ಒಬ್ಬನೇ ಎಂಬುದು ಅವರು ದಿನವೂ ಪ್ರಾರ್ಥನೆಯಲ್ಲಿ ಹೇಳುತ್ತಿದ್ದ ಮಾತು. ಅದಕ್ಕಾಗಿ ಪ್ರಾಣ ಕೊಟ್ಟವರ ಪರಂಪರೆ ಅವರದು. ಅಂಥವರು ಶಿಲುಬೆಯ ಮೇಲೆ ಸತ್ತ ನಜರೇತಿನ ಒಬ್ಬ ಬಡಗಿಯನ್ನು ಪ್ರಭು ಎಂದು ಕರೆದು ಅವನ ಹೆಸರಿನಲ್ಲಿ ಪ್ರಾರ್ಥಿಸತೊಡಗಿದರು. ಕ್ರಿ.ಶ. 112ರ ಸುಮಾರಿಗೆ ಬಿಥಿನಿಯ ಪ್ರಾಂತ್ಯದ ರೋಮನ್ ಅಧಿಕಾರಿ ಪ್ಲಿನಿ, ಈ ಜನ ಬೆಳಕು ಹರಿಯುವ ಮುನ್ನ ಒಂದೆಡೆ ಸೇರಿ ಕ್ರಿಸ್ತನನ್ನು ದೇವರೆಂಬಂತೆ ಹಾಡಿ ಸ್ತುತಿಸುತ್ತಾರೆ ಎಂದು ಚಕ್ರವರ್ತಿ ಟ್ರಾಜನನಿಗೆ ಬರೆದು ತಿಳಿಸಿದ. ದೀಕ್ಷಾಸ್ನಾನವನ್ನು ತಂದೆ, ಮಗ, ಪವಿತ್ರಾತ್ಮರ ಹೆಸರಿನಲ್ಲಿ ಕೊಡಬೇಕೆಂಬ ಆದೇಶ ಮತ್ತಾಯನ ಸುವಾರ್ತೆಯ ಕೊನೆಯಲ್ಲಿದೆ. ಆರಾಧನೆ ಮೊದಲು ಬಂತು, ಅದರ ವಿವರಣೆ ನಿಧಾನವಾಗಿ ಹಿಂದೆ ಬಂತು. 'ತ್ರಿತ್ವ' ಎಂಬ ಅರ್ಥದ ಪದ ಬೈಬಲ್‌ನಲ್ಲಿ ಎಲ್ಲಿಯೂ ಇಲ್ಲ. ಗ್ರೀಕಿನಲ್ಲಿ ಅದನ್ನು ಸುಮಾರು 180ರಲ್ಲಿ ಅಂತಿಯೋಕ್ಯದ ಥಿಯೋಫಿಲಸನೂ, ಲ್ಯಾಟಿನ್‌ನಲ್ಲಿ ಕೆಲವು ದಶಕಗಳ ನಂತರ ಕಾರ್ಥೇಜಿನ ಟರ್ಟುಲಿಯನನೂ ಬಳಸಿದರು.

ನಾಲ್ಕು ಸುವಾರ್ತೆಗಳಲ್ಲಿ ಯೇಸುವಿನ ಜನನದ ಕಥೆ ಇರುವುದು ಎರಡರಲ್ಲಿ ಮಾತ್ರ. ಮತ್ತಾಯನಲ್ಲಿ ಮೂಡಣದಿಂದ ನಕ್ಷತ್ರ ಹಿಡಿದು ಬರುವ ಜ್ಞಾನಿಗಳು, ಹೆರೋದನ ಕ್ರೌರ್ಯ, ಈಜಿಪ್ಟಿಗೆ ಪಲಾಯನ. ಲೂಕನಲ್ಲಿ ಜನಗಣತಿ, ಛತ್ರದಲ್ಲಿ ಸಿಗದ ಜಾಗ, ಗೋದಲಿ, ಕುರುಬರು. ಮಾರ್ಕನು ಬೆಳೆದು ನಿಂತ ಯೇಸುವಿನಿಂದಲೇ ಶುರುಮಾಡುತ್ತಾನೆ. ಯೋಹಾನನು ಗೋದಲಿಯ ಮಾತೇ ಎತ್ತದೆ ಸೃಷ್ಟಿಗೂ ಹಿಂದಕ್ಕೆ ಹೋಗಿ, ದೇವರ ಜೊತೆಯಲ್ಲಿದ್ದ, ದೇವರೇ ಆಗಿದ್ದ ವಾಕ್ಯವು ಮನುಷ್ಯನಾಗಿ ಜನರ ನಡುವೆ ನೆಲೆಸಿತು ಎನ್ನುತ್ತಾನೆ. ಲೂಕನ ಮೊದಲ ಅಧ್ಯಾಯದ ಒಂದು ಪ್ರಸಂಗವನ್ನು ಇಲ್ಲಿ ಹತ್ತಿರದಿಂದ ನೋಡಬೇಕು. ಮದುವೆ ನಿಶ್ಚಯವಾದ ಕನ್ಯೆ ಮರಿಯಳ ಬಳಿಗೆ ದೇವದೂತ ಗಬ್ರಿಯೇಲ ಬಂದು ಮಗುವಿನ ಸುದ್ದಿ ಹೇಳುತ್ತಾನೆ. ಇದು ಹೇಗೆ ಸಾಧ್ಯ ಎಂದು ಅವಳು ಕೇಳುತ್ತಾಳೆ. ದೂತನ ಉತ್ತರದಲ್ಲಿ ಮೂರು ಹೆಸರುಗಳು ಒಟ್ಟಿಗೆ ಬರುತ್ತವೆ: ಅವಳ ಮೇಲೆ ಇಳಿಯುವ ಪವಿತ್ರಾತ್ಮ, ನೆರಳಾಗಿ ಕವಿಯುವ ಪರಾತ್ಪರ ದೇವರ ಶಕ್ತಿ, ದೇವರ ಮಗನೆನಿಸಿಕೊಳ್ಳುವ ಶಿಶು. ಲೂಕನು ಇಲ್ಲಿ ಸಿದ್ಧಾಂತ ಬರೆಯುತ್ತಿಲ್ಲ, ಕಥೆ ಹೇಳುತ್ತಿದ್ದಾನೆ. ಆದರೂ ಮುಂದೆ ಮುನ್ನೂರು ವರ್ಷ ನಡೆದ ವಾದಗಳ ಬೀಜವೆಲ್ಲ ಆ ಒಂದು ಉತ್ತರದಲ್ಲಿದೆ.

ವಾದ ಬಹಿರಂಗಕ್ಕೆ ಬಂದದ್ದು ಅಲೆಕ್ಸಾಂಡ್ರಿಯದಲ್ಲಿ, ಸುಮಾರು 318ರಲ್ಲಿ. ಅಲ್ಲಿನ ಏರಿಯಸ್ ಎಂಬ ಗುರುವಿಗೆ ದೇವರ ಏಕತ್ವ ಕೆಡಬಾರದೆಂಬ ಕಳಕಳಿ ಇತ್ತು. ಹುಟ್ಟಿಲ್ಲದವನು, ಆದಿಯಿಲ್ಲದವನು ತಂದೆಯೊಬ್ಬನೇ. ಮಗನೆಂದ ಮೇಲೆ ಅವನಿಗೆ ಆರಂಭ ಇರಲೇಬೇಕು. ಆದ್ದರಿಂದ ಮಗನು ಸೃಷ್ಟಿಗಳಲ್ಲೆಲ್ಲ ಶ್ರೇಷ್ಠನಾದರೂ ಸೃಷ್ಟಿಯೇ ಎಂದು ಏರಿಯಸ್ ಬೋಧಿಸಿದ. ತಂದೆ ತನಗಿಂತ ದೊಡ್ಡವನು ಎಂದು ಯೇಸುವೇ ಹೇಳಿರುವ ಮಾತು ಯೋಹಾನನ ಸುವಾರ್ತೆಯಲ್ಲಿದೆ, ಹಾಗಾಗಿ ಏರಿಯಸ್ ಶಾಸ್ತ್ರಾಧಾರವಿಲ್ಲದೆ ಮಾತಾಡಲಿಲ್ಲ. ತನ್ನ ಮತವನ್ನು ಅವನು ನಾವಿಕರು, ಬೀಸುವ ಕಲ್ಲಿನವರು, ದಾರಿಹೋಕರು ಹಾಡಿಕೊಳ್ಳುವಂಥ ಪದಗಳಲ್ಲೂ ಕಟ್ಟಿದನೆಂದು ಪ್ರಾಚೀನ ಇತಿಹಾಸಕಾರರು ದಾಖಲಿಸಿದ್ದಾರೆ. ಅಲೆಕ್ಸಾಂಡ್ರಿಯದ ಧರ್ಮಾಧ್ಯಕ್ಷ ಅಲೆಕ್ಸಾಂಡರ್ ಅವನನ್ನು ಹೊರಹಾಕಿದ. ಜಗಳ ಪೂರ್ವದ ಸಭೆಗಳಿಗೆಲ್ಲ ಹಬ್ಬಿತು. ಕೊನೆಗೆ ಚಕ್ರವರ್ತಿ ಕಾನ್‌ಸ್ಟಾಂಟಿನ್ 325ರಲ್ಲಿ ನೈಸಿಯ ಪಟ್ಟಣದಲ್ಲಿ, ಅಂದರೆ ಇಂದಿನ ತುರ್ಕಿಯ ಇಜ್ನಿಕ್‌ನಲ್ಲಿ, ಧರ್ಮಾಧ್ಯಕ್ಷರ ಮಹಾಸಭೆ ಕರೆದ. ಹಾಜರಾದವರು 318 ಮಂದಿ ಎಂಬುದು ಪರಂಪರೆಯ ಲೆಕ್ಕ. ನಿಜ ಸಂಖ್ಯೆ ಅದಕ್ಕಿಂತ ಸ್ವಲ್ಪ ಕಡಿಮೆ ಇದ್ದಿರಬೇಕು.

ಮಗನು ತಂದೆಯೊಂದಿಗೆ ಒಂದೇ ಸಾರವುಳ್ಳವನು, ಜನಿಸಿದವನೇ ಹೊರತು ಸೃಷ್ಟಿಯಾದವನಲ್ಲ ಎಂದು ಆ ಸಭೆ ತನ್ನ ವಿಶ್ವಾಸ ಪ್ರಮಾಣದಲ್ಲಿ ಬರೆದಿಟ್ಟಿತು. ಏರಿಯಸನ ಜೊತೆ ನಿಂತ ಇಬ್ಬರು ಧರ್ಮಾಧ್ಯಕ್ಷರು ಸಹಿ ಹಾಕದೆ ಗಡೀಪಾರಾದರು. ಸಹಿ ಹಾಕಿದ ಅನೇಕರಿಗೂ 'ಒಂದೇ ಸಾರ' ಎಂಬ ಮಾತು ಗಂಟಲಲ್ಲಿ ಇಳಿಯಲಿಲ್ಲ. ಅದು ಬೈಬಲ್‌ನಲ್ಲಿ ಇಲ್ಲದ ಮಾತು ಎಂಬುದು ಅವರ ದೊಡ್ಡ ಆಕ್ಷೇಪ. ಮಹಾಸಭೆಯಿಂದ ವಾದ ಮುಗಿಯಲಿಲ್ಲ, ಇನ್ನೂ ಐವತ್ತು ವರ್ಷ ನಡೆಯಿತು. ಆ ಐವತ್ತು ವರ್ಷಗಳ ಭಾರ ಹೊತ್ತವನು ಅಥನೇಸಿಯಸ್. ನೈಸಿಯಕ್ಕೆ ಅಲೆಕ್ಸಾಂಡರನ ಸಹಾಯಕನಾಗಿ ಹೋಗಿದ್ದ ಈ ಯುವಕ 328ರಲ್ಲಿ ಅವನ ಸ್ಥಾನಕ್ಕೇ ಬಂದು 373ರವರೆಗೆ ಧರ್ಮಾಧ್ಯಕ್ಷನಾಗಿದ್ದ; ಅದರಲ್ಲಿ ಸುಮಾರು ಹದಿನೇಳು ವರ್ಷ ಕಳೆದದ್ದು ಐದು ಸಲದ ಗಡೀಪಾರಿನಲ್ಲಿ.

ಅಥನೇಸಿಯಸನ ವಾದದ ತಿರುಳು ಕ್ರಿಸ್ಮಸ್ಸಿನ ತಿರುಳೂ ಹೌದು. ಮನುಷ್ಯನ ಸಂಕಟ ಕೇವಲ ಅಜ್ಞಾನವಲ್ಲ. ಅಜ್ಞಾನವಾಗಿದ್ದರೆ ಒಬ್ಬ ಗುರು ಸಾಕಾಗುತ್ತಿತ್ತು. ಮನುಷ್ಯ ಜೀವದ ಮೂಲದಿಂದಲೇ ಕಳಚಿಕೊಂಡು ಸಾವಿನ ಕಡೆಗೆ ಜಾರುತ್ತಿದ್ದಾನೆ. ಅವನನ್ನು ದೇವರ ಜೀವಕ್ಕೆ ಮತ್ತೆ ಕೂಡಿಸಬೇಕಾದರೆ ಕೂಡಿಸುವವನು ಸ್ವತಃ ದೇವರಾಗಿರಬೇಕು, ಏಕೆಂದರೆ ತನ್ನಲ್ಲಿಲ್ಲದ್ದನ್ನು ಯಾವ ಸೃಷ್ಟಿಯೂ ಇನ್ನೊಂದಕ್ಕೆ ಕೊಡಲಾರದು. ಏರಿಯಸ್ ಹೇಳಿದ್ದು ನಿಜವಾದರೆ ಗೋದಲಿಯಲ್ಲಿ ಮಲಗಿದವನು ದೇವರು ಕಳಿಸಿದ ಬಹುದೊಡ್ಡ ದೂತ. ದೇವರು ಮಾತ್ರ ದೂರದಲ್ಲೇ ಉಳಿದ ಹಾಗಾಯಿತು. ನೈಸಿಯದ ಮಾತು ನಿಜವಾದರೆ ಬಂದವನು ದೇವರೇ. ಹಬ್ಬಕ್ಕೂ ಸಿದ್ಧಾಂತಕ್ಕೂ ಇರುವ ನಂಟು ಇಲ್ಲಿದೆ, ಮತ್ತು ಆ ಕಾಲದ ಜನ ಇದನ್ನು ಪಂಡಿತರ ಪಾಡಿಗೆ ಬಿಟ್ಟಿರಲಿಲ್ಲ. ಕಾನ್‌ಸ್ಟಾಂಟಿನೋಪಲ್‌ನಲ್ಲಿ ರೊಟ್ಟಿಯ ಬೆಲೆ ಕೇಳಿದರೆ ಅಂಗಡಿಯವನು ತಂದೆ ದೊಡ್ಡವನು, ಮಗ ಕಿರಿಯವನು ಎಂದು ವಾದಕ್ಕಿಳಿಯುತ್ತಾನೆ ಎಂದು ನಿಸ್ಸದ ಗ್ರೆಗರಿ ಬೇಸರದಿಂದ ಬರೆದಿದ್ದಾನೆ.

ಮಗನ ವಿಷಯ ಹೀಗಿರಲು ಪವಿತ್ರಾತ್ಮನ ಪ್ರಶ್ನೆ ಉಳಿದೇ ಇತ್ತು. ನೈಸಿಯದ ಪ್ರಮಾಣ ಆತ್ಮನ ಬಗ್ಗೆ ಹೆಸರು ಹೇಳಿದ್ದಕ್ಕಿಂತ ಹೆಚ್ಚೇನೂ ಹೇಳಿರಲಿಲ್ಲ. ಕಪದೋಕ್ಯ ಪ್ರಾಂತ್ಯದ ಮೂವರು ಇದನ್ನು ಕೈಗೆತ್ತಿಕೊಂಡರು: ಸಿಸೇರಿಯದ ಬೇಸಿಲ್, ಅವನ ತಮ್ಮ ನಿಸ್ಸದ ಗ್ರೆಗರಿ, ಅವರ ಗೆಳೆಯ ನಜಿಯಾಂಜಸ್‌ನ ಗ್ರೆಗರಿ. ಸಾರ ಒಂದು, ವ್ಯಕ್ತಿಗಳು ಮೂವರು ಎಂದು ಎರಡು ಪದಗಳ ಅರ್ಥವನ್ನು ಬೇರ್ಪಡಿಸಿ ಗೊಂದಲ ಬಿಡಿಸಿದವರು ಇವರು. ದೇವರು ಏನು ಎಂದರೆ ಉತ್ತರ ಒಂದೇ, ದೇವರು ಯಾರು ಎಂದರೆ ಹೆಸರುಗಳು ಮೂರು. 381ರ ಕಾನ್‌ಸ್ಟಾಂಟಿನೋಪಲ್ ಮಹಾಸಭೆಯೊಂದಿಗೆ ಗುರುತಿಸಲಾಗುವ ಪ್ರಮಾಣದಲ್ಲಿ ಆತ್ಮನು ತಂದೆ ಮತ್ತು ಮಗನೊಂದಿಗೆ ಆರಾಧನೆಗೆ ಅರ್ಹನೆಂಬ ಮಾತು ಸೇರಿತು. ಅದೇ ಪ್ರಮಾಣದ ಜನನದ ಸಾಲಿನಲ್ಲಿ ಇನ್ನೊಂದು ಸೇರ್ಪಡೆಯಿದೆ. ನೈಸಿಯದ ಪಾಠ ಮಗನು ಇಳಿದು ಬಂದು ಮನುಷ್ಯನಾದನೆಂದಷ್ಟೇ ಹೇಳಿತ್ತು. ಹೊಸ ಪಾಠ ಪವಿತ್ರಾತ್ಮನನ್ನೂ ಕನ್ಯಾಮರಿಯಳನ್ನೂ ಆ ಸಾಲಿನೊಳಗೆ ತಂದಿತು. ತಂದೆ ಕಳಿಸಿದ, ಮಗ ಬಂದ, ಆತ್ಮನಿಂದ ಅದು ನೆರವೇರಿತು. ಕ್ರಿಸ್ಮಸ್ ಮೂವರ ಕೆಲಸವಾಗಿ ನಿಂತದ್ದು ಹೀಗೆ.

ಹಬ್ಬ ಪೂರ್ವದಲ್ಲಿ ಹರಡಿದ್ದೂ ಇದೇ ವರ್ಷಗಳಲ್ಲಿ ಎಂಬುದನ್ನು ಕಾಕತಾಳೀಯವೆಂದು ತಳ್ಳಿಹಾಕಲಾಗದು. ನಜಿಯಾಂಜಸ್‌ನ ಗ್ರೆಗರಿ 379ರಲ್ಲಿ ಕಾನ್‌ಸ್ಟಾಂಟಿನೋಪಲ್‌ಗೆ ಬಂದಾಗ ಅಲ್ಲಿನ ದೇವಾಲಯಗಳು ಏರಿಯಸನ ಪಕ್ಷದವರ ಕೈಯಲ್ಲಿದ್ದವು. ಅವನು ಬೋಧನೆ ಶುರುಮಾಡಿದ್ದು ಒಂದು ಮನೆಯ ಕೋಣೆಯಲ್ಲಿ. ಆ ಪುಟ್ಟ ಪ್ರಾರ್ಥನಾಸ್ಥಳಕ್ಕೆ ಪುನರುತ್ಥಾನವೆಂಬ ಅರ್ಥದ ಅನಸ್ತಾಸಿಯ ಎಂಬ ಹೆಸರಾಯಿತು. ಒಂದೆರಡು ವರ್ಷಗಳೊಳಗೇ ಅದೇ ನಗರದಲ್ಲಿ ಅವನು ಕ್ರಿಸ್ತನ ಜನನದ ಕುರಿತು ಮಾಡಿದ ಪ್ರವಚನ ಪೂರ್ವದ ಅತಿ ಹಳೆಯ ಕ್ರಿಸ್ಮಸ್ ಪ್ರವಚನಗಳಲ್ಲಿ ಒಂದು. 386ರಲ್ಲಿ ಅಂತಿಯೋಕ್ಯದಲ್ಲಿ ಯೋಹಾನ್ ಕ್ರಿಸೊಸ್ತೊಮ್, ಹತ್ತು ವರ್ಷಕ್ಕಿಂತಲೂ ಈಚೆಗೆ ಪಶ್ಚಿಮದಿಂದ ತಮ್ಮಲ್ಲಿಗೆ ಬಂದ ಡಿಸೆಂಬರ್ 25ರ ಹಬ್ಬವನ್ನು ಜನರಿಗೆ ಸಮರ್ಥಿಸಿ ಹೇಳುತ್ತಿದ್ದ. ಹುಟ್ಟಿದವನು ದೇವರೇ ಎಂದು ಖಚಿತವಾಗಿ ಹೇಳಬೇಕಾಗಿದ್ದ ಕಾಲಕ್ಕೆ ಆ ಹುಟ್ಟಿಗೇ ಮೀಸಲಾದ ಒಂದು ದಿನ ಬೇಕಾಯಿತು.

ದಿನಾಂಕದ ಬಗ್ಗೆ ಸುವಾರ್ತೆಗಳು ಏನೂ ಹೇಳುವುದಿಲ್ಲ. ಡಿಸೆಂಬರ್ 25ರ ಅತ್ಯಂತ ಹಳೆಯ ಖಚಿತ ದಾಖಲೆ ರೋಮಿನ 354ರ ಪಂಚಾಂಗದಲ್ಲಿದೆ; ಅದರ ಒಳಗಿನ ಪಟ್ಟಿ 336ರಷ್ಟು ಹಿಂದಿನದು. ಚಕ್ರವರ್ತಿ ಆರೇಲಿಯನ್ 274ರಲ್ಲಿ ಮೇಲೆತ್ತಿದ ಅಜೇಯ ಸೂರ್ಯನ ಪೂಜೆಗೆ ಪ್ರತಿಯಾಗಿ ಈ ದಿನ ಆರಿಸಲಾಯಿತೆಂದು ಕೆಲವು ವಿದ್ವಾಂಸರ ಮತ. ಯೇಸು ಗರ್ಭಸ್ಥನಾದದ್ದೂ ಸತ್ತದ್ದೂ ಮಾರ್ಚ್ 25ರಂದೇ ಎಂಬ ಹಳೆಯ ನಂಬಿಕೆಯಿಂದ ಒಂಬತ್ತು ತಿಂಗಳು ಎಣಿಸಿ ಈ ದಿನಕ್ಕೆ ಬಂದರೆಂದು ಇತರರ ಮತ. ಪೂರ್ವದಲ್ಲಿ ಜನವರಿ 6 ಮೊದಲಿನಿಂದ ಬಳಕೆಯಲ್ಲಿತ್ತು; ಅರ್ಮೇನಿಯದ ಸಭೆ ಇಂದಿಗೂ ಅದನ್ನೇ ಹಿಡಿದಿದೆ. ಹಬ್ಬದ ಅರ್ಥ ದಿನಾಂಕದ ಮೇಲೆ ನಿಂತಿಲ್ಲವಾದ್ದರಿಂದ ಇದನ್ನು ಇಲ್ಲಿಗೆ ಬಿಡಬಹುದು.

ಸಿದ್ಧಾಂತ ಏನನ್ನು ಹೇಳುವುದಿಲ್ಲ ಎಂಬುದನ್ನೂ ತಿಳಿಯಬೇಕು. ನೀರು, ಮಂಜುಗಡ್ಡೆ, ಆವಿ ಈ ಮೂರೂ ಒಂದೇ ವಸ್ತು ಎಂಬ ಹೋಲಿಕೆ ಧರ್ಮಬೋಧೆಯ ತರಗತಿಗಳಲ್ಲಿ ಸಾಮಾನ್ಯ. ಅದು ದಾರಿ ತಪ್ಪಿಸುವ ಹೋಲಿಕೆ, ಏಕೆಂದರೆ ಒಬ್ಬನೇ ದೇವರು ಒಮ್ಮೆ ತಂದೆಯ, ಒಮ್ಮೆ ಮಗನ, ಒಮ್ಮೆ ಆತ್ಮನ ವೇಷ ತೊಡುತ್ತಾನೆ ಎಂದಾಗುತ್ತದೆ. ಮೂರನೆಯ ಶತಮಾನದ ಸಬೆಲಿಯಸ್‌ನ ಹೆಸರಿಗೆ ಅಂಟಿದ ಈ ಮತವನ್ನು ಸಭೆ ತಿರಸ್ಕರಿಸಿತು. ಯೇಸು ಜೋರ್ಡನ್ ನದಿಯಲ್ಲಿ ದೀಕ್ಷಾಸ್ನಾನ ಪಡೆದಾಗ ಮಗ ನೀರಿನಲ್ಲಿದ್ದಾನೆ, ಆತ್ಮ ಪಾರಿವಾಳದಂತೆ ಇಳಿಯುತ್ತಾನೆ, ತಂದೆಯ ಧ್ವನಿ ಮೇಲಿನಿಂದ ಕೇಳುತ್ತದೆ. ಮೂರೂ ಒಂದೇ ಗಳಿಗೆಯಲ್ಲಿ. ಇದು ವೇಷಾಂತರವಾಗಿರಲು ಸಾಧ್ಯವಿಲ್ಲ.

ಭಾರತದ ಓದುಗರಿಗೆ ತ್ರಿಮೂರ್ತಿಗಳ ನೆನಪಾಗುವುದು ಸಹಜ. ಆದರೆ ಅಲ್ಲಿ ಸೃಷ್ಟಿ, ಸ್ಥಿತಿ, ಲಯಗಳೆಂದು ಕಾರ್ಯಗಳು ಹಂಚಿಕೆಯಾಗಿವೆ. ಕ್ರೈಸ್ತ ಸಿದ್ಧಾಂತದಲ್ಲಿ ಜಗತ್ತಿನ ಕಡೆಗೆ ದೇವರು ಮಾಡುವ ಪ್ರತಿಯೊಂದು ಕಾರ್ಯವೂ ಮೂವರ ಒಟ್ಟು ಕಾರ್ಯ. ಮೂವರ ನಡುವೆ ಇರುವ ಭೇದ ಅವರ ಪರಸ್ಪರ ಸಂಬಂಧದಲ್ಲಿ ಮಾತ್ರ. ತಂದೆ ಯಾರಿಂದಲೂ ಹುಟ್ಟಿದವನಲ್ಲ, ಮಗ ತಂದೆಯಿಂದ ಅನಾದಿಯಾಗಿ ಜನಿಸುವವನು, ಆತ್ಮ ಹೊರಹೊಮ್ಮುವವನು. ಆತ್ಮನು ಹೊಮ್ಮುವುದು ತಂದೆಯಿಂದ ಮಾತ್ರವೋ ಮಗನಿಂದಲೂ ಹೌದೋ ಎಂಬ ವಿಷಯದಲ್ಲಿ ಪಶ್ಚಿಮ ಮತ್ತು ಪೂರ್ವದ ಸಭೆಗಳು ಇಂದಿಗೂ ಒಪ್ಪಿಲ್ಲ. 1054ರ ಒಡಕಿಗೆ ಅದೂ ಒಂದು ಕಾರಣ. ಅವತಾರದ ಕಲ್ಪನೆಯೊಂದಿಗೂ ಕ್ರಿಸ್ಮಸ್ ಪೂರ್ತಿ ಹೊಂದುವುದಿಲ್ಲ. ಯುಗಯುಗಕ್ಕೂ ಬೇರೆ ಬೇರೆ ರೂಪದಲ್ಲಿ ಬರುವುದಲ್ಲ ಇದು. ಒಂದೇ ಸಲ, ಇತಿಹಾಸದ ಒಂದು ಗೊತ್ತಾದ ಕಾಲದಲ್ಲಿ, ಹೆರೋದನ ಆಳ್ವಿಕೆಯಲ್ಲಿ. ತೊಟ್ಟ ಮಾನವತ್ವವನ್ನು ಮತ್ತೆ ಕಳಚಿಡುವುದೂ ಇಲ್ಲ: ಪುನರುತ್ಥಾನದ ಬಳಿಕವೂ ಮಗನು ಎಂದೆಂದಿಗೂ ಮನುಷ್ಯನಾಗಿಯೇ ಇರುತ್ತಾನೆಂಬುದು ಸಭೆಯ ನಂಬಿಕೆ.

ದೇವರೂ ಮನುಷ್ಯನೂ ಆದವನು ಒಬ್ಬನೇ ಹೇಗೆ ಎಂಬ ಪ್ರಶ್ನೆ ಐದನೆಯ ಶತಮಾನವನ್ನು ಕಾಡಿತು. ಮರಿಯಳನ್ನು ದೇವಮಾತೆ ಎನ್ನಲು ಕಾನ್‌ಸ್ಟಾಂಟಿನೋಪಲ್‌ನ ಧರ್ಮಾಧ್ಯಕ್ಷ ನೆಸ್ತೋರಿಯಸ್ ಹಿಂಜರಿದಾಗ 431ರ ಎಫೆಸ ಮಹಾಸಭೆ ಆ ಹೆಸರನ್ನು ಎತ್ತಿಹಿಡಿಯಿತು. ಅವಳು ಹೆತ್ತದ್ದು ಒಬ್ಬ ವ್ಯಕ್ತಿಯನ್ನು, ಆ ವ್ಯಕ್ತಿ ದೇವಪುತ್ರನೇ ಎಂಬುದು ಅಲ್ಲಿನ ನಿಲುವು. 451ರ ಕಾಲ್ಸಿಡಾನ್ ಮಹಾಸಭೆ ಕ್ರಿಸ್ತನಲ್ಲಿ ದೈವ ಮತ್ತು ಮಾನವ ಎಂಬ ಎರಡು ಸ್ವಭಾವಗಳು ಬೆರಕೆಯಾಗದೆ, ಬದಲಾಗದೆ, ಒಡೆಯದೆ, ಅಗಲದೆ ಕೂಡಿವೆ ಎಂದಿತು. ಕಾಪ್ಟಿಕ್, ಅರ್ಮೇನಿಯನ್, ಸಿರಿಯನ್ ಸಭೆಗಳು ಈ ಸೂತ್ರವನ್ನು ಒಪ್ಪಲಿಲ್ಲ. ಒಂದುಗೂಡಿದ ಸ್ವಭಾವ ಒಂದೇ ಎಂಬುದು ಅವರ ಮಾತು. ಆ ಪರಂಪರೆಯ ಒಂದು ಕವಲು ಕರ್ನಾಟಕದಲ್ಲೂ ಇದೆ: ಉಡುಪಿಯ ಬಳಿಯ ಬ್ರಹ್ಮಾವರದ ಕೊಂಕಣಿ ಮಾತೃಭಾಷೆಯ ಆರ್ಥೊಡಾಕ್ಸ್ ಕ್ರೈಸ್ತರು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಲ್ವಾರಿಸ್ ಮಾರ್ ಜೂಲಿಯಸ್ ಅವರ ನಾಯಕತ್ವದಲ್ಲಿ ಅವರು ಕೇರಳದ ಮಲಂಕರ ಸಭೆಯನ್ನು ಸೇರಿದರು.

ಇಷ್ಟೆಲ್ಲ ಸೂತ್ರಗಳು ಕಾಪಾಡಲು ಹೊರಟ ಸಂಗತಿ ಬಹಳ ಮೃದುವಾದದ್ದು. ಪೌಲನು ಫಿಲಿಪ್ಪಿಯವರಿಗೆ ಬರೆದ ಪತ್ರದ ಎರಡನೆಯ ಅಧ್ಯಾಯದಲ್ಲಿ, ಕ್ರಿಸ್ತನು ದೇವಸ್ವರೂಪದಲ್ಲಿದ್ದರೂ ಅದನ್ನು ಬಿಗಿಹಿಡಿಯದೆ ತನ್ನನ್ನು ಬರಿದುಮಾಡಿಕೊಂಡು ದಾಸನ ರೂಪ ತಾಳಿದನೆಂದು ಹೇಳುತ್ತಾನೆ. ಸರ್ವಶಕ್ತನೆಂದರೆ ಕೆಳಗಿಳಿಯದವನು ಎಂದುಕೊಂಡಿದ್ದ ಜಗತ್ತಿಗೆ ಇದು ಒಗ್ಗದ ಮಾತು. ಎತ್ತಿಕೊಳ್ಳದಿದ್ದರೆ ಅಳುವ, ಹಾಲು ಕೊಡದಿದ್ದರೆ ಬದುಕಲಾರದ ಮಗುವಿನಲ್ಲಿ ದೇವರು ತನ್ನನ್ನು ಪೂರ್ತಿ ಕೊಟ್ಟುಕೊಂಡಿದ್ದಾನೆ ಎಂದಾದರೆ, ಕೊಟ್ಟುಕೊಳ್ಳುವುದು ದೇವರ ಸ್ವಭಾವವೇ ಆಗಿರಬೇಕು. ತ್ರಿತ್ವ ಹೇಳುವುದೂ ಇದನ್ನೇ. ಜಗತ್ತು ಇಲ್ಲದಾಗಲೂ ದೇವರಲ್ಲಿ ಪ್ರೀತಿಸುವವನು, ಪ್ರೀತಿಗೆ ಪಾತ್ರನಾದವನು, ಆ ಪ್ರೀತಿ ಎಂಬ ಮೂರೂ ಇದ್ದವು ಎಂದು ಸಂತ ಅಗಸ್ಟೀನ್ ತನ್ನ ಹದಿನೈದು ಭಾಗಗಳ ಗ್ರಂಥದಲ್ಲಿ ವಿವರಿಸುತ್ತಾನೆ. ಪ್ರೀತಿಸಲು ದೇವರಿಗೆ ಸೃಷ್ಟಿಯ ಅಗತ್ಯವಿರಲಿಲ್ಲ. ಆದ್ದರಿಂದಲೇ ಸೃಷ್ಟಿಯೂ ಕ್ರಿಸ್ಮಸ್ಸೂ ಕೊರತೆಯಿಂದ ಬಂದವಲ್ಲ, ತುಂಬಿ ಹರಿದು ಬಂದವು.

ಪೂರ್ವದ ಸಭೆಗಳ ಜನನ ಚಿತ್ರಗಳು ಇದನ್ನು ಬಣ್ಣದಲ್ಲಿ ಹೇಳುತ್ತವೆ. ನಡುವೆ ಕಪ್ಪು ಗುಹೆ. ಅದರಲ್ಲಿ ಬಟ್ಟೆ ಸುತ್ತಿದ ಮಗು. ಸುತ್ತಿದ ರೀತಿ ಶವಕ್ಕೆ ಸುತ್ತುವಂತೆ, ಗೋದಲಿಯ ಆಕಾರ ಕಲ್ಲಿನ ಶವಪೆಟ್ಟಿಗೆಯಂತೆ. ಹುಟ್ಟಿದ ಮಗು ಸಾಯಲು ಬಂದವನೆಂಬುದನ್ನು ಚಿತ್ರಕಾರ ಮರೆಯಗೊಡುವುದಿಲ್ಲ. ಪಕ್ಕದಲ್ಲಿ ಎತ್ತು ಮತ್ತು ಕತ್ತೆ. ಇವು ಸುವಾರ್ತೆಗಳಲ್ಲಿಲ್ಲ, ಒಡೆಯನನ್ನು ಗುರುತಿಸುವ ಪ್ರಾಣಿಗಳಾಗಿ ಯೆಶಾಯನ ಪ್ರವಾದನೆಯಿಂದ ಬಂದು ಸೇರಿದವು. ಅನೇಕ ಚಿತ್ರಗಳಲ್ಲಿ ಮೇಲ್ತುದಿಯ ಅರ್ಧವೃತ್ತದಿಂದ ಒಂದೇ ಕಿರಣ ಹೊರಟು, ಮಗುವಿನತ್ತ ಇಳಿಯುತ್ತ ಮೂರಾಗಿ ಕವಲೊಡೆಯುತ್ತದೆ. ಪಶ್ಚಿಮದಲ್ಲಿ ಅಸ್ಸಿಸಿಯ ಫ್ರಾನ್ಸಿಸ್ 1223ರಲ್ಲಿ ಗ್ರೆಚ್ಚಿಯೊ ಎಂಬ ಹಳ್ಳಿಯಲ್ಲಿ ನಿಜವಾದ ಹುಲ್ಲು, ಎತ್ತು, ಕತ್ತೆಗಳನ್ನಿಟ್ಟು ಕ್ರಿಸ್ಮಸ್ ರಾತ್ರಿಯ ಪೂಜೆ ಏರ್ಪಡಿಸಿದ. ಮಂಗಳೂರಿನಲ್ಲೂ ಬೆಂಗಳೂರಿನಲ್ಲೂ ಕ್ರೈಸ್ತರ ಮನೆಗಳಲ್ಲಿ ಡಿಸೆಂಬರಿನಲ್ಲಿ ಕಟ್ಟುವ ಗೋದಲಿಯ ಬೇರು ಅಲ್ಲಿದೆ. ಎಷ್ಟೋ ಮನೆಗಳಲ್ಲಿ ಕುರುಬರು, ದನಕರುಗಳೆಲ್ಲ ಮೊದಲೇ ಬಂದು ನಿಂತಿರುತ್ತವೆ. ಮಗುವಿನ ಬೊಂಬೆಯನ್ನು ಇಡುವುದು 24ರ ನಡುರಾತ್ರಿಯ ಹೊತ್ತಿಗೇ.

ಕಥೋಲಿಕ ಸಭೆಯಲ್ಲಿ ಆ ಹಬ್ಬಕ್ಕೆ ನಡುರಾತ್ರಿ, ನಸುಕು, ಹಗಲು ಎಂದು ಮೂರು ಬಲಿಪೂಜೆಗಳಿವೆ. ಮೊದಲಿನದರಲ್ಲಿ ಲೂಕನ ಗೋದಲಿಯ ಪಾಠ, ಎರಡನೆಯದರಲ್ಲಿ ಕುರುಬರು ಬಂದು ನೋಡಿದ ಪಾಠ. ಹಗಲಿನ ಪೂಜೆಯಲ್ಲಿ ಗೋದಲಿಯೂ ಇಲ್ಲ, ಕುರುಬರೂ ಇಲ್ಲ. ಯೋಹಾನನ ಮೊದಲ ಅಧ್ಯಾಯದಿಂದ ಅನಾದಿಯಾದ ವಾಕ್ಯದ ಪಾಠ ಓದಲಾಗುತ್ತದೆ. ಮಗನು ತಂದೆಯಿಂದ ಅನಾದಿಯಾಗಿ ಜನಿಸುವುದು, ಮರಿಯಳಿಂದ ಕಾಲದೊಳಗೆ ಹುಟ್ಟುವುದು, ಆತ್ಮನ ಕೃಪೆಯಿಂದ ಭಕ್ತರ ಹೃದಯದಲ್ಲಿ ಹುಟ್ಟುವುದು ಎಂಬ ಮೂರು ಜನನಗಳನ್ನು ಈ ಮೂರು ಪೂಜೆಗಳಲ್ಲಿ ಥಾಮಸ್ ಅಕ್ವಿನಾಸ್ ಮೊದಲಾದ ಮಧ್ಯಯುಗದ ಗುರುಗಳು ಕಂಡರು. ವಿಶ್ವಾಸ ಪ್ರಮಾಣ ಹೇಳುವಾಗ ಮಗನು ಮನುಷ್ಯನಾದನೆಂಬ ಮಾತಿಗೆ ಉಳಿದ ದಿನಗಳಲ್ಲಿ ಜನ ತಲೆಬಾಗಿಸುತ್ತಾರೆ. ಕ್ರಿಸ್ಮಸ್ ದಿನವೂ ಮಾರ್ಚ್ 25ರಂದೂ ಮೊಣಕಾಲೂರುತ್ತಾರೆ. ನೈಸಿಯದ ತರ್ಕಕ್ಕೆ ದೇಹದಿಂದಲೇ ಹಾಕುವ ಸಹಿ ಅದು.

ತ್ರಿತ್ವದ ಮತ್ತು ಗೋದಲಿಯ ಮಗುವಿನ ಈ ಎರಡೂ ಪ್ರಶ್ನೆಗಳು ಭಾರತದಲ್ಲಿ ಮತ್ತೊಮ್ಮೆ ಹೊಸದಾಗಿ ಎದ್ದವು. ರಾಜಾ ರಾಮಮೋಹನ ರಾಯ್ 1820ರಲ್ಲಿ ಯೇಸುವಿನ ಬೋಧನೆಗಳನ್ನಷ್ಟೇ ಆರಿಸಿ ಪ್ರಕಟಿಸಿ, ತ್ರಿತ್ವವನ್ನೂ ಕ್ರಿಸ್ತನ ದೈವತ್ವವನ್ನೂ ಒಪ್ಪಲಿಲ್ಲ. ಶ್ರೀರಾಂಪುರದ ಮಿಷನರಿ ಜೋಶುವಾ ಮಾರ್ಷ್‌ಮನ್‌ಗೂ ಅವರಿಗೂ ದೀರ್ಘ ವಾಗ್ವಾದ ನಡೆಯಿತು. ಆ ಚರ್ಚೆಗಳ ನಡುವೆ ವಿಲಿಯಂ ಆಡಮ್ ಎಂಬ ಬ್ಯಾಪ್ಟಿಸ್ಟ್ ಮಿಷನರಿಯೇ ತ್ರಿತ್ವವನ್ನು ಕೈಬಿಟ್ಟರು. ಏರಿಯಸನ ಪ್ರಶ್ನೆ ಕಲ್ಕತ್ತೆಯಲ್ಲಿ ಜೀವ ಪಡೆದಿತ್ತು. ರಾಯ್ ಸ್ಥಾಪಿಸಿದ ಬ್ರಾಹ್ಮಸಮಾಜದ ಪರಂಪರೆಯಿಂದಲೇ ಬಂದ ಕೇಶವಚಂದ್ರ ಸೇನ್ 1882ರ ಉಪನ್ಯಾಸದಲ್ಲಿ ತ್ರಿತ್ವವನ್ನು ಸತ್, ಚಿತ್, ಆನಂದಗಳಿಗೆ ಹೋಲಿಸಿದರು. ಬ್ರಹ್ಮಬಾಂಧವ ಉಪಾಧ್ಯಾಯ ಕಥೋಲಿಕರಾಗಿ ದೀಕ್ಷೆ ಪಡೆದ ಮೇಲೆ 1898ರಲ್ಲಿ 'ವಂದೇ ಸಚ್ಚಿದಾನಂದಂ' ಎಂಬ ಸಂಸ್ಕೃತ ಸ್ತೋತ್ರ ರಚಿಸಿ ಆ ಹೋಲಿಕೆಯನ್ನು ಪ್ರಾರ್ಥನೆಯಾಗಿಸಿದರು. ಅಸ್ತಿತ್ವವೇ ಆದ ತಂದೆ, ಅರಿವೇ ಆದ ಮಗ, ಆನಂದವೇ ಆದ ಆತ್ಮ. 1950ರಲ್ಲಿ ಜೂಲ್ ಮೊನ್‌ಶನೆನ್ ಮತ್ತು ಆನ್ರಿ ಲ ಸೊ ಎಂಬ ಇಬ್ಬರು ಫ್ರೆಂಚ್ ಗುರುಗಳು ತಮಿಳುನಾಡಿನ ಕುಳಿತಲೈ ಬಳಿ ಕಾವೇರಿಯ ದಂಡೆಯಲ್ಲಿ ಕಟ್ಟಿದ ಆಶ್ರಮಕ್ಕೂ ಸಚ್ಚಿದಾನಂದ ಎಂಬ ಹೆಸರನ್ನೇ ಇಟ್ಟರು.

ಈ ಹೋಲಿಕೆಯ ಮಿತಿಯೂ ಅದನ್ನು ಬಳಸಿದವರಿಗೆ ತಿಳಿದಿತ್ತು. ಸಚ್ಚಿದಾನಂದವು ದೇವರ ಒಳಬದುಕಿನ ಬಗ್ಗೆ ಬಹಳಷ್ಟನ್ನು ಹೇಳುತ್ತದೆ, ಆದರೆ ಬೆತ್ಲೆಹೇಮಿನ ಬಗ್ಗೆ ಏನನ್ನೂ ಹೇಳುವುದಿಲ್ಲ. ಅರಿವು ಒಂದು ಊರಿನಲ್ಲಿ, ಒಬ್ಬ ತಾಯಿಯಿಂದ ಹುಟ್ಟಬೇಕಾದ ಕಾರಣ ಅದರೊಳಗಿಲ್ಲ. ಉಪಾಧ್ಯಾಯರು 1901ರಲ್ಲಿ ದೇವರು ಮನುಷ್ಯನಾದುದರ ಕುರಿತು ಎರಡನೆಯ ಸ್ತೋತ್ರವೊಂದನ್ನು ಬರೆದು ಮೊದಲನೆಯದರ ಪಕ್ಕಕ್ಕಿಟ್ಟರು.